ನೊರೆ ಇಳಿಯುವ ಹೊತ್ತು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಊರಿನಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡಿದ್ದ ಇಪ್ಪತ್ತು ಮೂವತ್ತು ಮನೆಗಳವರಿಗೆ ಅವನು ಪಂಪಣ್ಣ. ಪಂಪು ಕೆಟ್ಟರೆ ಬರುತ್ತಾನೆ, ಬಂದವನು ಪಂಪಿನ ಮಾತು ಬಿಟ್ಟು ಬೇರೆ ಮಾತಾಡುವುದಿಲ್ಲ ಎಂದು ಯಾರೋ ತಮಾಷೆಗೆ ಕರೆದದ್ದು ಅಂಟಿಕೊಂಡುಬಿಟ್ಟಿತ್ತು. ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು.

ಕನ್ನಡಕದ ಅಂಗಡಿಯವರು ಫೋನ್ ಮಾಡಿದ್ದು ಅವರ ಬೀದಿಯಲ್ಲಿ ಹಳೆಯ ವಿದ್ಯುತ್ ತಂತಿ ತೆಗೆದು ನೆಲದಡಿ ಕೇಬಲ್ ಹಾಕಲು ಶುರು ಮಾಡಿದ ವಾರ. ಎರಡು ತಿಂಗಳು ದಿನಾ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಕರೆಂಟು ಇರುವುದಿಲ್ಲ ಎಂದು ಕಂಬಕ್ಕೆ ಚೀಟಿ ಅಂಟಿಸಿದ್ದರು.

"ನಮ್ಮ ಬ್ಯಾಟರಿ ಎರಡೂವರೆ ಗಂಟೆಗೆ ಕೈಯೆತ್ತಿಬಿಡುತ್ತೆ," ಎಂದರು ಅಂಗಡಿಯವರು. "ಆಮೇಲೆ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಾವೆ. ನಮ್ಮನೆಯವಳು ಬರೋ ತನಕ ಅದನ್ನ ಉಳಿಸ್ಕೊಳ್ಳಬೇಕು. ಏನಾದ್ರೂ ಮಾಡಿ."

ಮನೆಯ ಮುಂದಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಐದಡಿಯ ಗಾಜಿನ ತೊಟ್ಟಿ. ಪಂಪಣ್ಣ ಇಂಥವನ್ನು ಬಹಳ ನೋಡಿದ್ದ. ಆದರೂ ಬಾಗಿಲಲ್ಲೇ ಒಂದು ಕ್ಷಣ ನಿಂತ. ಹನ್ನೊಂದು ವರ್ಷ ಒಬ್ಬರೇ ಕೂತು ಬೆಳೆಸಿದ ಹವಳ ಅದು. ಎಡತುದಿಯಲ್ಲಿ ಹಸಿರು ಬೆರಳುಗಳಂಥ ಮೆತ್ತನೆಯ ಹವಳ ಒಂದೂವರೆ ಅಡಿ ಹರಡಿಕೊಂಡು ನೀರಿನ ಸೆಳೆತಕ್ಕೆ ಓಲಾಡುತ್ತಿತ್ತು. ಕಿತ್ತಳೆ ಪಟ್ಟೆಯ ಜೋಡಿ ಮೀನು, ತಟ್ಟೆಯಂತೆ ಚಪ್ಪಟೆಯಾದ ದೊಡ್ಡ ಹಳದಿ ಮೀನು, ಕಲ್ಲಿನ ಸಂದಿಯಲ್ಲಿ ಹೆಸರೇ ಗೊತ್ತಿಲ್ಲದ ನೀಲಿ ಮರಿಗಳು. ತೊಟ್ಟಿಯ ಪಕ್ಕ ಎರಡು ಮೆಟ್ಟಿಲಿನ ಮರದ ಸ್ಟೂಲು. ಗೂಡಿನಲ್ಲಿ ಉಪ್ಪು, ಸುಣ್ಣ, ಕ್ಷಾರ ಎಂದು ದಿನದಿನವೂ ನೀರು ಪರೀಕ್ಷಿಸಿ ಬರೆದಿಟ್ಟ ಹದಿನಾರು ನೋಟುಬುಕ್ಕು. ಕೊನೆಯ ಪುಸ್ತಕ ಅರ್ಧದಲ್ಲಿ ನಿಂತಿತ್ತು.

ಬರೆದವರು ಅಂಗಡಿಯವರ ಹೆಂಡತಿ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಮೇಡಂ. ಐದು ತಿಂಗಳ ಹಿಂದೆ ಪಾಠ ಮಾಡುತ್ತಿದ್ದಾಗಲೇ ತಲೆಯೊಳಗೆ ನರ ಒಡೆದು ಕುಸಿದಿದ್ದರು. ಆಪರೇಷನ್ ಆಯಿತು, ಜೀವ ಉಳಿಯಿತು, ಕಣ್ಣು ಮಾತ್ರ ತೆರೆಯಲಿಲ್ಲ. ಈಗ ಊರ ಆಚೆಯ ಆರೈಕೆ ಕೇಂದ್ರದಲ್ಲಿ ಮಲಗಿದ್ದರು. ಅಂಗಡಿಯವರು ದಿನಾ ಬೆಳಿಗ್ಗೆ ಹೋಗಿ ಒಂದು ಗಂಟೆ ಕೂತು ಬಂದು ಆಮೇಲೆ ಅಂಗಡಿ ತೆರೆಯುತ್ತಿದ್ದರು. ಮನೆ ನೋಡಿಕೊಳ್ಳಲು ಅವರ ಅಕ್ಕ ಬಂದಿದ್ದರು. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಗಡಿಯಾರ ನೋಡದೆ ಸಮಯ ಹೇಳುತ್ತಿದ್ದರು, ಮುಖ ನೋಡದೆ ಬೈಯುತ್ತಿದ್ದರು.

"ಇದೇನಪ್ಪ, ಮೀನಿಗೋಸ್ಕರ ಹಿಟ್ಟಿನ ಗಿರಣಿ ಇಟ್ಕೊಂಡಂಗಿದೆ," ಎಂದರು ಅಕ್ಕ. ತೊಟ್ಟಿಯ ಕೆಳಗಿನ ಕಪಾಟು ಅಷ್ಟು ಗುಂಯ್‌ಗುಡುತ್ತಿತ್ತು. "ಐದು ತಿಂಗಳಿಂದ ನನ್ನ ತಲೆಯೊಳಗೇ ಓಡ್ತಾ ಇದೆ ಅದು."

ಪಂಪಣ್ಣ ಕಪಾಟಿನ ಬಾಗಿಲು ತೆಗೆದು ಮಂಡಿಯೂರಿ ಕೂತ. ಚೀಲದಿಂದ ವಿದ್ಯುತ್ ಅಳೆಯುವ ಪುಟ್ಟ ಮೀಟರು ತೆಗೆದು ಒಂದೊಂದೇ ಪ್ಲಗ್ಗಿಗೆ ಸಿಕ್ಕಿಸಿ ನೋಡಿದ. ಕಪಾಟಿನೊಳಗಿನ ಸೋಸುವ ತೊಟ್ಟಿಯಿಂದ ನೀರನ್ನು ಮೇಲಕ್ಕೆ ಎತ್ತುವ ಪಂಪು ತೊಂಬತ್ತೆರಡು ವ್ಯಾಟ್. ಸ್ಕಿಮ್ಮರಿನದು ನಲವತ್ತೆಂಟು. ಅಲೆ ಎಬ್ಬಿಸುವ ಪಂಪು ಮೂವತ್ತು.

"ಡಬ್ಬದ ಮೇಲೆ ಬರೆದಿರೋದು ಒಂದು, ಗೋಡೆಯಿಂದ ಕುಡಿಯೋದು ಇನ್ನೊಂದು, ಸರ್," ಎಂದ. "ಡಬ್ಬದ ಮಾತು ನಾನು ನಂಬೋದೇ ಇಲ್ಲ. ನಮ್ಮನೆ ಬಕೆಟ್ಟಲ್ಲಿ ಓಡಿಸಿ, ಮೀಟರ್ ಹಾಕಿ ನೋಡಿದ್ದನ್ನ ಮಾತ್ರ ತರ್ತೀನಿ."

"ಜಾಸ್ತಿ ಶಕ್ತಿ ಇರೋದನ್ನೇ ಹಾಕಿಬಿಡಿ," ಎಂದರು ಅಂಗಡಿಯವರು.

"ಅಲ್ಲೇ ಎಲ್ಲರೂ ಎಡವೋದು. ಗಂಟೆಗೆ ಇಷ್ಟು ಸಾವಿರ ಲೀಟರ್ ಅಂತ ಬರೆದಿರ್ತಾರಲ್ಲ, ಅದು ನೀರನ್ನ ಮೇಲಕ್ಕೆ ಎತ್ತದೇ ಇದ್ದಾಗಿನ ಲೆಕ್ಕ. ಇಲ್ಲಿ ನಾಲ್ಕೂವರೆ ಅಡಿ ಎತ್ತಬೇಕು. ಅಷ್ಟು ಎತ್ತಿದ ಮೇಲೆ ಎಷ್ಟು ಉಳಿಯುತ್ತೆ, ಅದಕ್ಕೆ ಎಷ್ಟು ವ್ಯಾಟ್ ತಿನ್ನುತ್ತೆ, ಅಷ್ಟೇ ನೋಡಬೇಕು. ಸ್ಕಿಮ್ಮರೂ ಅಷ್ಟೇ. ತೊಟ್ಟಿಗಿಂತ ದೊಡ್ಡದು ತಂದರೆ ನೊರೆ ಕಟ್ಟೋಕೆ ಕೊಳೆಯೇ ಸಾಲಲ್ಲ."

ಅಕ್ಕ ಕೇಳಿದರು: "ಏನಪ್ಪ ಅದು ಸ್ಕಿಮ್ಮರು?"

"ಬೇಳೆ ಬೇಯಿಸುವಾಗ ಮೇಲೆ ನೊರೆ ಉಕ್ಕುತ್ತಲ್ಲಕ್ಕಾ, ಹಾಗೆ. ಈ ಕೊಳವೆಯೊಳಗೆ ಪಂಪು ಸಣ್ಣ ಸಣ್ಣ ಗುಳ್ಳೆ ಎಬ್ಬಿಸುತ್ತೆ. ನೀರಲ್ಲಿರೋ ಕೊಳೆ ಗುಳ್ಳೆಗೆ ಅಂಟ್ಕೊಂಡು ನೊರೆಯಾಗಿ ಏರಿ ಈ ಬಟ್ಟಲಿಗೆ ಬೀಳುತ್ತೆ."

"ಅಂದ್ರೆ ಮೀನಿನ ಕಕ್ಕಸು ತೊಳೆಯೋ ಯಂತ್ರ ಅನ್ನು. ಸುತ್ತಿ ಬಳಸಿ ಹೇಳ್ತೀಯ."

ನಾಲ್ಕು ದಿನ ಬಿಟ್ಟು ಪಂಪಣ್ಣ ಹೊಸವನ್ನು ತಂದು ಜೋಡಿಸಿದ. ನೀರೆತ್ತುವ ಪಂಪು ಮೂವತ್ತೊಂದು ವ್ಯಾಟ್, ಸ್ಕಿಮ್ಮರು ಹದಿಮೂರು, ಅಲೆಯ ಪಂಪು ಒಂಬತ್ತು. ವೇಗ ಏರಿಸಲು ಇಳಿಸಲು ಬರುವಂಥವು. ಅದೇ ಬ್ಯಾಟರಿ ಈಗ ಎಂಟು ಗಂಟೆ ತಡೆಯಬೇಕು. ಹಳೆಯ ಸ್ವಿಚ್ಚು ಆರಿಸಿ ಹೊಸದನ್ನು ಹಾಕಿದಾಗ ಕೋಣೆ ಒಮ್ಮೆಗೇ ನಿಶ್ಶಬ್ದವಾಯಿತು. ಗೋಡೆ ಗಡಿಯಾರದ ಟಿಕ್ ಟಿಕ್ ಆ ಮನೆಯಲ್ಲಿ ಮೊದಲ ಬಾರಿಗೆ ಕಿವಿಗೆ ಬಿತ್ತು.

"ಅಯ್ಯೋ, ನಿಂತೇ ಹೋಯ್ತಲ್ಲೋ!" ಎಂದು ಅಕ್ಕ ಅಡುಗೆಮನೆಯಿಂದ ಓಡಿಬಂದರು.

"ಓಡ್ತಾ ಇದೆ ಅಕ್ಕಾ. ನೀರಿಗೆ ಬೆರಳಿಟ್ಟು ನೋಡಿ, ಸೆಳೆತ ಗೊತ್ತಾಗುತ್ತೆ."

"ನಾನು ಬೆರಳು ಗಿರಳು ಇಡೋಳಲ್ಲಪ್ಪ. ಅದರೊಳಗೆ ಏನೇನಿದೆಯೋ ಯಾರಿಗೆ ಗೊತ್ತು. ಊಟವನ್ನೂ ಚಮಚದಲ್ಲೇ ಸುರೀತೀನಿ ಅವಕ್ಕೆ."

ಒಂಬತ್ತನೆಯ ದಿನ ಅಕ್ಕನೇ ಫೋನ್ ಮಾಡಿದರು.

"ನಿನ್ನ ಹೊಸ ಯಂತ್ರ ಸೋಮಾರಿ ಕಣಪ್ಪ. ಬಟ್ಟಲಿನ ಕತ್ತಿನವರೆಗೂ ನೊರೆ ಚೆನ್ನಾಗಿ ಏರಿರುತ್ತೆ. ಸಾಯಂಕಾಲ ನಾಲ್ಕು ಇಪ್ಪತ್ತಕ್ಕೆ ಸರಿಯಾಗಿ ದಬಕ್ ಅಂತ ಕುಸಿಯುತ್ತೆ. ಮತ್ತೆ ಏಳೋದು ಆರು ಗಂಟೆಗೆ."

"ಹೊಸ ಸ್ಕಿಮ್ಮರ್ ಹೊಂದಿಕೊಳ್ಳೋಕೆ ಎರಡು ವಾರ ಬೇಕಾಗುತ್ತೆ ಅಕ್ಕಾ."

"ಹೊಂದಿಕೊಳ್ಳೋದಕ್ಕೆ ಗಡಿಯಾರ ನೋಡ್ಕೊಂಡು ಹೊಂದಿಕೊಳ್ಳುತ್ತಾ? ಬಂದು ನೋಡು."

ಮರುದಿನ ಅಂಗಡಿಗೆ ವಾರದ ರಜೆ. ಪಂಪಣ್ಣ ಮೂರೂವರೆಗೆ ಹೋದಾಗ ಅಂಗಡಿಯವರೂ ಮನೆಯಲ್ಲಿದ್ದರು. ಸ್ಕಿಮ್ಮರನ್ನು ಬಿಚ್ಚಿ, ಗಾಳಿಯ ಕೊಳವೆ ಊದಿ, ಚಕ್ರ ತೊಳೆದು ಮತ್ತೆ ಜೋಡಿಸಿದ. ಏನೂ ತಪ್ಪಿರಲಿಲ್ಲ. ನೊರೆ ಒಂದೇ ಸಮ ಏರಿ ನಿಂತಿತು.

"ನೊರೆ ಹೀಗೆ ಕುಸಿಯೋಕೆ ಸಾಮಾನ್ಯವಾಗಿ ಒಂದೇ ಕಾರಣ," ಎಂದ. "ತೊಟ್ಟಿಗೆ ಯಾರಾದ್ರೂ ಕೈ ಹಾಕಿದ್ರೆ. ಚರ್ಮದ ಎಣ್ಣೆ ಒಂದು ಚೂರು ನೀರಿಗಿಳಿದರೂ ಸಾಕು, ಗುಳ್ಳೆ ಒಡೆದು ಹೋಗುತ್ತೆ. ಒಂದೆರಡು ಗಂಟೆ ಬೇಕು ಸರಿಯಾಗೋಕೆ. ಯಾರು ಕೈ ಹಾಕ್ತೀರಿ?"

ಅಕ್ಕ ತಮ್ಮನನ್ನು ನೋಡಿದರು. ತಮ್ಮ ಅಕ್ಕನನ್ನು ನೋಡಿದರು.

"ನಾನು ಆ ಹೊತ್ತಲ್ಲಿ ಅಂಗಡೀಲಿರ್ತೀನಿ," ಎಂದರು ಅಂಗಡಿಯವರು.

"ನನ್ನ ಮುಖ ನೋಡ್ಬೇಡಿ. ನಾನು ಸತ್ತರೂ ಹಾಕಲ್ಲ ಅಂತ ಮೊದಲೇ ಹೇಳಿದೀನಿ," ಎಂದರು ಅಕ್ಕ.

ನಾಲ್ಕು ಇಪ್ಪತ್ತರ ತನಕ ಕೂತು ನೋಡೋಣ ಎಂದಾಯಿತು. ಅಕ್ಕ ಟೀ ತಂದರು. ಮೂವರೂ ತೊಟ್ಟಿಯಿಂದ ಆರೇಳು ಅಡಿ ದೂರ ಸೋಫಾದಲ್ಲಿ ಕೂತಿದ್ದರು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಬೀದಿಯಲ್ಲಿ ಕೇಬಲಿನವರು ಸಲಿಕೆ ತೊಳೆಯುತ್ತಿದ್ದರು.

ಮೊದಲು ಕದಲಿದ್ದು ಹಳದಿ ಮೀನು. ಬಲತುದಿಯಲ್ಲಿ ಕಲ್ಲು ಕೆರೆಯುತ್ತಿದ್ದದ್ದು ಥಟ್ಟನೆ ತಿರುಗಿ ಎಡತುದಿಗೆ ಹೋಯಿತು. ಜೋಡಿ ಮೀನು ಹೋಯಿತು. ಹೊರಗೆ ತಲೆ ಹಾಕದ ನೀಲಿ ಮರಿಗಳೂ ಸಂದಿಯಿಂದ ಬಂದವು. ಎಲ್ಲವೂ ಎಡತುದಿಯ ಗಾಜಿಗೆ ಮೂತಿಯಿಟ್ಟು, ಬಾಲ ಅಲ್ಲಾಡಿಸುತ್ತಾ, ಹೊರಗೆ ಮೇಲಕ್ಕೆ ನೋಡುತ್ತಾ ನಿಂತವು. ಮನೆಯವರು ಬಂದಾಗ ಮೀನು ಹಾಗೆ ನಿಲ್ಲುವುದನ್ನು ಪಂಪಣ್ಣ ಎಷ್ಟು ಸಲ ನೋಡಿದ್ದನೋ. ಆದರೆ ಸ್ಟೂಲಿನ ಬಳಿ ಯಾರೂ ಇರಲಿಲ್ಲ.

ಆಮೇಲೆ ಹಸಿರು ಹವಳದ ಬೆರಳುಗಳು ಒಳಗೆ ಸರಿಯತೊಡಗಿದವು. ಒಮ್ಮೆಗೇ ಅಲ್ಲ. ಎಡದಿಂದ ಬಲಕ್ಕೆ ಒಂದಾದಮೇಲೊಂದು, ಯಾರೋ ಅಂಗೈಯಿಂದ ಮೆಲ್ಲಗೆ ಸವರಿಕೊಂಡು ಹೋದಂತೆ. ಸವರಿದ್ದು ಕೊನೆ ಮುಟ್ಟಿತು, ತಿರುಗಿ ಬಂತು. ಮೀನುಗಳು ಅದರ ಹಿಂದೆಯೇ ಹೋಗಿ ಅದರ ಹಿಂದೆಯೇ ಬಂದವು.

ಕೆಳಗೆ ಕಪಾಟಿನಲ್ಲಿ ಸ್ಕಿಮ್ಮರಿನ ನೊರೆ ಕುಸಿಯಿತು.

ಪಂಪಣ್ಣನ ಟೀ ಲೋಟ ಕೈಯಲ್ಲೇ ಆರಿತು. ಸಾಲದ್ದಕ್ಕೆ ಅಂಗಡಿಯವರು ಬಹಳ ಮೆಲ್ಲಗೆ, ತಮಗೆ ತಾವೇ ಎಂಬಂತೆ ಹೇಳಿದರು: "ಅವಳು ಕಾಲೇಜಿಂದ ಬರ್ತಾ ಇದ್ದದ್ದು ನಾಲ್ಕೂಕಾಲಿಗೆ. ಚಪ್ಪಲಿ ಬಿಟ್ಟು, ಕೈ ತೊಳ್ಕೊಂಡು ಸೀದಾ ಸ್ಟೂಲ್ ಹತ್ತೋಳು. ಆ ಹವಳಕ್ಕೆ ಕೂತಿರೋ ಮಣ್ಣನ್ನ ಬರಿಗೈಯಲ್ಲೇ ಸವರಿ ತೆಗೆಯೋಳು."

ನಾಲ್ಕು ನಿಮಿಷವಾದ ಮೇಲೆ ಹವಳದ ಬೆರಳುಗಳು ಒಂದೊಂದಾಗಿ ಹೊರಗೆ ಬಂದವು, ಮೀನುಗಳು ಚದುರಿದವು.

"ನೀನು ಬೆಳಿಗ್ಗೆ ತಾನೇ ಅವಳನ್ನ ನೋಡೋಕೆ ಹೋಗೋದು?" ಎಂದರು ಅಕ್ಕ. "ಒಂದ್ಸಲ ಈ ಹೊತ್ತಿಗೆ ಹೋಗಿ ನೋಡೋ."

ಅಂಗಡಿಯವರು ಒಬ್ಬರೇ ಹೋಗಲು ಒಪ್ಪಲಿಲ್ಲ. "ನೀವೂ ಬನ್ನಿ," ಎಂದು ಪಂಪಣ್ಣನ ಕೈ ಹಿಡಿದರು. "ನಾನೊಬ್ಬನೇ ಕಂಡರೆ ನನಗೇ ನಂಬಿಕೆ ಬರಲ್ಲ."

ಪಂಪಣ್ಣನಿಗೆ ಅದು ತನ್ನ ಕೆಲಸವಲ್ಲ ಎನಿಸಿತು. ಆದರೆ ಬೇಡ ಎನ್ನಲು ಬಾಯಿ ಬರಲಿಲ್ಲ. ಮರುದಿನ ಮಧ್ಯಾಹ್ನ ಆವಿಯಾದಷ್ಟು ತುಂಬುವ ಸಿಹಿನೀರು ತೊಟ್ಟಿಗೆ ತುಸು ಹೆಚ್ಚು ಬಿದ್ದು ಉಪ್ಪಿನಂಶ ಇಳಿದಿತ್ತು. ನೀರಿನ ಉಪ್ಪು ನೋಡುವ ಬೆರಳುದ್ದದ ಕೊಳವೆಯ ಗಾಜಿಗೆ ಒಂದು ಹನಿ ಬಿಟ್ಟು, ಬೆಳಕಿಗೆ ಹಿಡಿದು, ಒಳಗಿನ ಗೆರೆ ಓದಿದ. ಯಾವಾಗಲೂ ಮೂವತ್ತೈದು ಇರುತ್ತಿದ್ದದ್ದು ಮೂವತ್ತಮೂರು ಇತ್ತು. ನಾಳೆ ಸರಿಮಾಡೋಣ ಎಂದುಕೊಂಡು ಕೊಳವೆಯನ್ನು ಜೇಬಿಗಿಳಿಸಿ ಅಂಗಡಿಯವರ ಕಾರು ಹತ್ತಿದ.

ಆರೈಕೆ ಕೇಂದ್ರದ ಕೋಣೆಯಲ್ಲಿ ಎರಡು ಮಂಚ. ಒಂದು ಖಾಲಿ. ಇನ್ನೊಂದರಲ್ಲಿ ಮೇಡಂ. ಕೂದಲು ಮೋಟಾಗಿ ಬೆಳೆದಿತ್ತು. ಮುಖ ಶಾಂತವಾಗಿತ್ತು. ಕೈಗಳೆರಡೂ ಹೊದಿಕೆಯ ಮೇಲಿದ್ದವು. ನರ್ಸು ದಿಂಬು ಸರಿಮಾಡುತ್ತಿದ್ದವರು ಅಂಗಡಿಯವರನ್ನು ಕಂಡು, "ಈ ಹೊತ್ತಲ್ಲಿ ಬಂದಿದ್ದು ಒಳ್ಳೇದಾಯ್ತು ಸರ್, ನಿಮ್ಮನ್ನ ಕೇಳಬೇಕು ಅಂತಿದ್ದೆ," ಎಂದರು. "ಇವರಿಗೆ ಮೊದಲಿಂದಲೂ ಕೈ ಬೆವರೋ ತೊಂದರೆ ಇದೆಯಾ? ಎಡಗೈ ಒಣಗಿರುತ್ತೆ. ಬಲಗೈ ಮಾತ್ರ ದಿನಾ ಸಾಯಂಕಾಲ ಮೊಣಕೈ ತನಕ ಒದ್ದೆ. ಡಾಕ್ಟರು ಬೆವರು ಅಂದ್ರು. ದಿನಾ ಶೀಟು ಬದಲಾಯಿಸ್ತಿದೀವಿ."

ಇಬ್ಬರೂ ಮಂಚದ ಬಲಗಡೆ ಕುರ್ಚಿ ಎಳೆದುಕೊಂಡು ಕೂತರು. ಅಂಗಡಿಯವರು ಮನೆಗೆ ಫೋನ್ ಹಚ್ಚಿ ಕಿವಿಗಿಟ್ಟುಕೊಂಡರು. ಅಕ್ಕ ಅತ್ತ ಕಪಾಟಿನ ಮುಂದೆ ಕೂತಿದ್ದರು.

ಪಂಪಣ್ಣ ಆ ಕೈಯನ್ನೇ ನೋಡುತ್ತಿದ್ದ. ಒಣಗಿದ, ತೆಳ್ಳಗಿನ ಕೈ. ಉಗುರು ಯಾರೋ ನೀಟಾಗಿ ಕತ್ತರಿಸಿದ್ದರು. ನಾಲ್ಕು ಇಪ್ಪತ್ತಕ್ಕೆ ಮೊಣಕೈಯ ಕೆಳಗಿನ ಕೂದಲು ಒಂದೇ ದಿಕ್ಕಿಗೆ ವಾಲಿತು, ನೀರಿನೊಳಗೆ ವಾಲುವ ಹಾಗೆ. ಚರ್ಮಕ್ಕೆ ಹೊಳಪು ಬಂತು. ಬೆರಳ ತುದಿಗಳು ಕಣ್ಣೆದುರೇ ನೆನೆದು ಸುಕ್ಕಾದವು. ಬೆರಳ ಸಂದಿಯಿಂದ ಒಂದು ಹನಿ ಇಳಿದು ಶೀಟಿನ ಮೇಲೆ ಹರಡಿತು.

"ನೊರೆ ಇಳೀತಾ ಇದೆಯಂತೆ," ಎಂದರು ಅಂಗಡಿಯವರು ಫೋನು ಕಿವಿಯಲ್ಲಿಟ್ಟುಕೊಂಡೇ.

ಪಂಪಣ್ಣನಿಗೆ ವಾಸನೆ ಗೊತ್ತಾಯಿತು. ಉಪ್ಪು, ಕಲ್ಲು, ಪಾಚಿ. ಏನು ಮಾಡುತ್ತಿದ್ದೇನೆ ಎಂದು ಯೋಚಿಸುವ ಮೊದಲೇ ಜೇಬಿನ ಕೊಳವೆ ತೆಗೆದು, ಮೇಡಂ ಅವರ ಮಣಿಕಟ್ಟಿನ ಒಂದು ಹನಿಯನ್ನು ಅದರ ಗಾಜಿಗೆ ಸೋಕಿಸಿ ಕಿಟಕಿಯ ಬೆಳಕಿಗೆ ಹಿಡಿದ. ಬೆವರಾಗಿದ್ದರೆ ಗೆರೆ ತಳದಲ್ಲೇ ಇರಬೇಕಿತ್ತು.

ಮೂವತ್ತಮೂರು.

ಅಂದು ಮನೆಗೆ ಬಂದಮೇಲೆ ಅಕ್ಕ ತಮ್ಮನ ನಡುವೆ ದೊಡ್ಡ ಜಗಳವಾಯಿತು. ತಮ್ಮನಿಗೆ ಕಣ್ಣಲ್ಲಿ ನೀರು, ಮುಖದಲ್ಲಿ ಐದು ತಿಂಗಳಿಂದ ಕಾಣದ ಗೆಲುವು. "ಅವಳು ಬರ್ತಾ ಇದಾಳೆ ಕಣಕ್ಕಾ. ದಿನಾ ಮನೆಗೆ ಬರ್ತಾ ಇದಾಳೆ. ಈ ತೊಟ್ಟಿ ಇರೋದಕ್ಕೇ ಅವಳ ಜೀವ ಇದೆ."

"ನಿನ್ನ ತಲೆ! ಇಲ್ಲಿಗೆ ಬರ್ತಾಳೆ, ಅದಕ್ಕೇ ಅಲ್ಲಿ ಕಣ್ಣು ತೆರೀತಿಲ್ಲ. ಆ ನೀರು ಅವಳನ್ನ ಹಿಡ್ಕೊಂಡಿದೆ. ಮೊದಲು ಅದನ್ನ ಖಾಲಿ ಮಾಡಿಸು, ಅವಳು ತಾನಾಗೇ ಏಳ್ತಾಳೆ."

"ಖಾಲಿ ಮಾಡಿದ ಮೇಲೆ ಏಳದೇ ಹೋದ್ರೆ?"

ಇಬ್ಬರೂ ಪಂಪಣ್ಣನ ಕಡೆ ತಿರುಗಿದರು. ಅವನು, "ನನಗೆ ಪಂಪು ಬಿಟ್ಟರೆ ಬೇರೇನೂ ಗೊತ್ತಿಲ್ಲ," ಎಂದು ಎದ್ದುಬಂದ.

ಅಂದಿನಿಂದ ಅಂಗಡಿಯವರು ದಿನಾ ಸಂಜೆಯೂ ಆರೈಕೆ ಕೇಂದ್ರದಲ್ಲಿ ಕೂರತೊಡಗಿದರು. ಮೂರು ವಾರ ಹಾಗೆಯೇ ನಡೆಯಿತು. ಪಂಪಣ್ಣ ಬೇಕೆಂದೇ ಅತ್ತ ಹೋಗಲಿಲ್ಲ.

ಆಮೇಲೊಂದು ದಿನ ಬೆಳಿಗ್ಗೆ ಆರಕ್ಕೆ ಆ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಸಂಜೆಯವರೆಗೆ ಕರೆಂಟು ಬರುವ ಮಾತೇ ಇಲ್ಲ ಎಂದು ಲೈನ್‌ಮನ್ ಹೇಳಿಹೋದ. ಅಕ್ಕ ಫೋನ್ ಮಾಡಿದಾಗ ಬ್ಯಾಟರಿ ಆಗಲೇ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಪಂಪಣ್ಣ ಇದ್ದ ಕೆಲಸ ಬಿಟ್ಟು ಓಡಿದ. ಸ್ಕಿಮ್ಮರನ್ನು ಆರಿಸಿದ. ನೀರೆತ್ತುವ ಪಂಪನ್ನು ಸಣ್ಣ ಧಾರೆ ಬೀಳುವಷ್ಟಕ್ಕೆ ಇಳಿಸಿದ. ಅಲೆಯ ಪಂಪು ಐದು ವ್ಯಾಟ್. ಎಲ್ಲ ಸೇರಿ ಇಪ್ಪತ್ತು. ಹಳೆಯ ಪಂಪುಗಳಾಗಿದ್ದರೆ ಒಂಬತ್ತು ಗಂಟೆಗೆ ಮುಂಚೆಯೇ ಎಲ್ಲ ಮುಗಿದಿರುತ್ತಿತ್ತು ಎಂದುಕೊಂಡ. ಮಧ್ಯಾಹ್ನ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಅಕ್ಕ ಬಡಿಸಿದ್ದನ್ನು ಉಂಡು ಬ್ಯಾಟರಿಯ ಅಂಕಿ ನೋಡುತ್ತಾ ಕೂತ.

ನಾಲ್ಕಾಗುವಾಗ ಬ್ಯಾಟರಿ ಶೇಕಡಾ ಹದಿನಾಲ್ಕು. ದೀಪವಿಲ್ಲದ ತೊಟ್ಟಿ ಕಿಟಕಿಯ ಬೆಳಕಿನಲ್ಲಿ ಮಸುಕು ಹಸಿರಾಗಿತ್ತು. ಮೀನುಗಳು ಸುಸ್ತಾಗಿ ಕೆಳಗೆ ತೂಗುತ್ತಿದ್ದವು. ಅಂಗಡಿಯವರು ಆರೈಕೆ ಕೇಂದ್ರದಿಂದ ಫೋನಿನಲ್ಲಿದ್ದರು. ಅಕ್ಕ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದರು.

ನಾಲ್ಕು ಇಪ್ಪತ್ತಕ್ಕೆ ಮೀನುಗಳು ಮೆಲ್ಲಗೆ ಎಡಕ್ಕೆ ಬಂದವು. ಹವಳದ ಬೆರಳುಗಳು ಒಳಸರಿದವು. ಸವರುವಿಕೆ ಹವಳದ ಬಲತುದಿಯವರೆಗೆ ಹೋಯಿತು. ತಿರುಗಿ ಬರಲಿಲ್ಲ.

ಐದು ನಿಮಿಷವಾಯಿತು. ಹತ್ತಾಯಿತು. ಹವಳ ಮುದುಡಿಕೊಂಡೇ ಇತ್ತು. ಮೀನುಗಳು ಗಾಜಿನ ಬಳಿ ನಿಲ್ಲಲಿಲ್ಲ. ಹವಳದ ಕೆಳಗಿನ ಕಲ್ಲಿನ ಗುಹೆಯ ಬಾಯಿಂದ ಒಂದಡಿ ದೂರಕ್ಕೆ ಹಿಂದೆ ಸರಿದು, ಒಂದಕ್ಕೊಂದು ಅಂಟಿಕೊಂಡು ನಿಂತು, ಆ ಗುಹೆಯನ್ನೇ ನೋಡತೊಡಗಿದವು.

"ಅಕ್ಕಾ," ಎಂದರು ಅಂಗಡಿಯವರು ಫೋನಿನಲ್ಲಿ. "ಕೈ ಒದ್ದೆಯಾಗಿದೆ. ಇನ್ನೂ ಬಿಟ್ಟಿಲ್ಲ. ಈಗ ತೋಳಿನ ತನಕ ಬಂದಿದೆ. ಮಂಜುಗಡ್ಡೆ ಥರಾ ತಣ್ಣಗಾಗ್ತಾ ಇದೆ. ಉಸಿರು... ಉಸಿರು ಸರಿಯಿಲ್ಲ ಅಕ್ಕಾ. ನರ್ಸ್ ಡಾಕ್ಟರನ್ನ ಕರೆಯೋಕೆ ಓಡಿದ್ರು."

ಪಂಪಣ್ಣ ಅಲೆಯ ಪಂಪನ್ನು ಪೂರ್ತಿ ಏರಿಸಿದ. ಏನೂ ಆಗಲಿಲ್ಲ. ಅಂಕಿ ಹದಿಮೂರಕ್ಕೆ, ಹನ್ನೆರಡಕ್ಕೆ ಇಳಿಯಿತು. ಮತ್ತೆ ಇಳಿಸಿದ.

ತಿರುಗಿ ನೋಡಿದಾಗ ಅಕ್ಕ ಸ್ಟೂಲು ಹತ್ತುತ್ತಿದ್ದರು. ರವಿಕೆಯ ಬಲತೋಳು ಭುಜದವರೆಗೆ ಮಡಚಿದ್ದರು. ಬಳೆ ತೆಗೆದು ಮೇಜಿನ ಮೇಲಿಟ್ಟಿದ್ದರು.

"ಅಕ್ಕಾ, ಏನ್ ಮಾಡ್ತಿದೀರಿ?"

"ಸ್ಟೂಲು ಅಲ್ಲಾಡದಂಗೆ ಹಿಡ್ಕೋ. ಬೇರೆ ಮಾತು ಬೇಡ."

ಅವನು ಮಂಡಿಯೂರಿ ಸ್ಟೂಲಿನ ಕಾಲು ಹಿಡಿದ. ಅಕ್ಕನ ಕೈ ಮೊಣಕೈಯವರೆಗೆ, ಆಮೇಲೆ ಭುಜದವರೆಗೆ ನೀರಿಗಿಳಿಯಿತು. ಕೆನ್ನೆ ನೀರಿಗೆ ತಾಗುವಷ್ಟು ಬಾಗಿದರು. ಕಣ್ಣು ಮುಚ್ಚಿಕೊಂಡಿದ್ದರು. ಬೆರಳುಗಳು ಗುಹೆಯ ಬಾಯಲ್ಲಿ ತಡಕಾಡುವುದು ಗಾಜಿನಿಂದ ಪಂಪಣ್ಣನಿಗೆ ಕಾಣುತ್ತಿತ್ತು. ಇದ್ದಕ್ಕಿದ್ದಂತೆ ಅವು ಮುಚ್ಚಿಕೊಂಡವು, ಏನನ್ನೋ ಹಿಡಿದ ಹಾಗೆ. ಹಿಡಿದದ್ದು ಕಾಣಲಿಲ್ಲ. ಆದರೆ ಬೆರಳುಗಳ ನಡುವೆ ಒಂದು ಕೈ ಹಿಡಿಸುವಷ್ಟು ಜಾಗವಿತ್ತು.

"ಸಿಕ್ಕಳು," ಎಂದರು ಅಕ್ಕ.

ಆಮೇಲೆ ಅವರು ಮಾತಾಡಿದ್ದು ಪಂಪಣ್ಣ ಎಂದೂ ಕೇಳದ ದನಿಯಲ್ಲಿ. "ಏ ಹುಡುಗಿ. ನಾನು ಕಣೇ, ನಿನ್ನ ಅತ್ತಿಗೆ. ಇಲ್ಲಿ ಕೆಲಸ ಎಲ್ಲಾ ಮುಗಿದಿದೆ. ಮೀನು ಚೆನ್ನಾಗಿವೆ, ನಾನು ನೋಡ್ಕೋತೀನಿ. ನೀನು ಬಾ. ಬಾ ನನ್ನ ತಾಯಿ, ಬಾ."

ಎಳೆದರು. ಬರಲಿಲ್ಲ. ಹಲ್ಲು ಕಚ್ಚಿ ಮತ್ತೆ ಎಳೆದರು. ಇನ್ನೊಂದು ಕೈಯನ್ನೂ ತೋಳು ಮಡಚದೆ ಹಾಗೆಯೇ ನೀರಿಗೆ ಹಾಕಿದರು. ನೀರು ಅಂಚು ಮೀರಿ ಪಂಪಣ್ಣನ ತಲೆಯ ಮೇಲೆ ಸುರಿಯಿತು. ಸ್ಟೂಲು ಕಿರುಗುಟ್ಟಿತು. ಎಷ್ಟು ಹೊತ್ತು ಎಂದು ಅವನಿಗೆ ಹೇಳಲು ಬರುತ್ತಿರಲಿಲ್ಲ, ಆದರೆ ಅಕ್ಕನ ಬಾಯಿಂದ ಒಮ್ಮೆ, "ಬಿಡು... ಬಿಡು ಅಂದೆ!" ಎಂದು ಬಂದದ್ದು ಸ್ಪಷ್ಟವಾಗಿ ಕೇಳಿಸಿತು. ಮರುಕ್ಷಣ ಅವರು ಹಿಂದಕ್ಕೆ ಅವನ ಮೇಲೆಯೇ ಬಿದ್ದರು. ಇಬ್ಬರೂ ನೀರಲ್ಲಿ ತೊಯ್ದು ನೆಲದ ಮೇಲೆ ಕೂತಿದ್ದರು.

ಫೋನಿನಲ್ಲಿ ಯಾರೋ ಅಳುತ್ತಿದ್ದರು. ಅಂಗಡಿಯವರು. "ಕಣ್ಣು ಬಿಟ್ಟಳು. ಅಕ್ಕಾ, ಕೇಳಿಸ್ತಿದೆಯಾ? ಕಣ್ಣು ಬಿಟ್ಟಳು. ನನ್ನ ಕೈ ಹಿಡ್ಕೊಂಡಿದಾಳೆ. ಬಿಡ್ತಾನೇ ಇಲ್ಲ."

ಐದೂವರೆಗೆ ಕರೆಂಟು ಬಂತು. ಬ್ಯಾಟರಿಯಲ್ಲಿ ಶೇಕಡಾ ಐದು ಉಳಿದಿತ್ತು. ಮೀನು ಒಂದೂ ಸಾಯಲಿಲ್ಲ.

ಮೇಡಂ ಏಳು ವಾರದ ಮೇಲೆ ಕೋಲು ಹಿಡಿದು ಮನೆಗೆ ಬಂದರು. ಮಾತು ನಿಧಾನ, ಬುದ್ಧಿ ಚುರುಕು. ಬಲಗೈಯ ಚರ್ಮ ಮೊಣಕೈವರೆಗೆ ಸುಲಿದು ಹೊಸದಾಗಿ ಬಂದಿತ್ತು. ಪಂಪಣ್ಣ ನೋಡಲು ಹೋದಾಗ ಅವರು ಮೊದಲು ಕೇಳಿದ್ದು, "ಸ್ಕಿಮ್ಮರ್ ಚಿಕ್ಕದಾಯ್ತಲ್ವೇನ್ರೀ?" ಎಂದು. ಅವನು ಮೀಟರು ತೆಗೆದು ತೋರಿಸಿದ. ಅವರು ಒಪ್ಪಲಿಲ್ಲ. ಅರ್ಧ ಗಂಟೆ ವಾದ ನಡೆಯಿತು. ಅಂಗಡಿಯವರು ಪಕ್ಕದಲ್ಲಿ ಕೂತು ಆ ಜಗಳವನ್ನು ಸಂಗೀತ ಕೇಳುವವರಂತೆ ಕೇಳುತ್ತಿದ್ದರು. ಮಲಗಿದ್ದ ತಿಂಗಳುಗಳ ಬಗ್ಗೆ ಮೇಡಂಗೆ ಏನೂ ನೆನಪಿರಲಿಲ್ಲ. ನೊರೆ ಮತ್ತೆ ಯಾವ ದಿನವೂ ಕುಸಿಯಲಿಲ್ಲ.

ಅಕ್ಕ ಸ್ವಂತ ಊರಿಗೆ ಹೊರಟ ದಿನ ಪಂಪಣ್ಣನೇ ತನ್ನ ವ್ಯಾನಿನಲ್ಲಿ ಬಸ್ ನಿಲ್ದಾಣಕ್ಕೆ ಬಿಟ್ಟ. ಬಸ್ಸು ಬರಲು ಇನ್ನೂ ಹೊತ್ತಿತ್ತು. ಅಕ್ಕ ವ್ಯಾನಿನಲ್ಲೇ ಕೂತಿದ್ದರು, ಚೀಲ ತೊಡೆಯ ಮೇಲೆ.

"ನಿನಗೊಂದು ಹೇಳಬೇಕು. ತಮ್ಮನಿಗೆ ಹೇಳಕೂಡದು," ಎಂದರು. "ಅವತ್ತು ನಾನು ಅವಳ ಕೈ ಹಿಡಿದೆನಲ್ಲ. ಅದು ಅವಳದೇ, ಅನುಮಾನವಿಲ್ಲ. ಸೀಮೆಸುಣ್ಣ ಹಿಡಿದು ಹಿಡಿದು ಬೆರಳಿಗೆ ಒಂದು ಗಂಟಿತ್ತು, ಅದು ಸಿಕ್ತು. ಆದರೆ ಅವಳ ಕೈಯನ್ನ ಮೊದಲೇ ಇನ್ನೊಂದು ಹಿಡ್ಕೊಂಡಿತ್ತು."

ಪಂಪಣ್ಣ ಸ್ಟೀರಿಂಗಿನ ಮೇಲಿದ್ದ ತನ್ನ ಕೈ ನೋಡಿಕೊಂಡ. "ಇನ್ನೊಂದು ಅಂದ್ರೆ?"

"ಕೈಯೇ ಅನ್ನಬೇಕು. ಅದಕ್ಕೆ ಬೆರಳಿತ್ತು. ಎಷ್ಟು ಅಂತ ಎಣಿಸೋಕೆ ಹೋಗಲಿಲ್ಲ. ಅದಕ್ಕೇ ಎರಡನೇ ಕೈ ಹಾಕಿದ್ದು ನಾನು. ಒಂದೊಂದೇ ಬೆರಳು ಬಿಡಿಸಿದೆ. ಕೊನೆಗೆ ತಾನೇ ಬಿಡ್ತು. ಕೋಪದಿಂದ ಬಿಟ್ಟ ಹಾಗಿರಲಿಲ್ಲ." ಅಕ್ಕ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡರು. "ಇನ್ನೊಮ್ಮೆ ನೋಡೋಣ ಅನ್ನೋ ಥರ ಇತ್ತು."

ಬಸ್ಸು ಬಂತು. ಅಕ್ಕ ಇಳಿದು, ಕಿಟಕಿ ಪಕ್ಕ ಸೀಟು ಹಿಡಿದು, ಕಂಡಕ್ಟರನ ಜೊತೆ ಚಿಲ್ಲರೆಗಾಗಿ ಜಗಳ ಆಡುತ್ತಾ ಹೋದರು.

ಪಂಪಣ್ಣ ಅಲ್ಲಿಂದ ಇನ್ನೊಂದು ಮನೆಗೆ ಹೋಗಬೇಕಿತ್ತು. ಎರಡಡಿಯ ಚಿಕ್ಕ ತೊಟ್ಟಿ, ಎರಡು ಕಲ್ಲು, ಮೂರು ಮೀನು. ಹಿಂದಿನ ಗಾಜಿಗೆ ಪಾಚಿ ಹಿಡಿದಿತ್ತು. ಹದಿನೈದು ವರ್ಷದಿಂದ ಮಾಡಿದಂತೆ ತೋಳು ಮಡಚಿದ. ಕಲ್ಲಿನ ಸಂದಿ ಕಪ್ಪಗೆ ಕಾಣುತ್ತಿತ್ತು. ಮೂರು ಮೀನೂ ಈಚೆ ಬದಿಗೆ ಬಂದು ನಿಂತಿದ್ದವು.

"ಉದ್ದ ಹಿಡಿಕೆಯ ಬ್ರಷ್ ಇದೆಯಾ ಅಮ್ಮಾ?" ಎಂದು ಕೇಳಿದ.

ಆ ಮನೆಯಾಕೆ ನಕ್ಕರು. "ಏನ್ ಪಂಪಣ್ಣ, ಮೀನಿಗೆ ಹೆದರೋಕೆ ಶುರು ಮಾಡಿದ್ರಾ?"

ಅವನೂ ನಕ್ಕ. ಆಕೆ ಬ್ರಷ್ ತರುವವರೆಗೆ ತೊಟ್ಟಿಯಿಂದ ಎರಡು ಹೆಜ್ಜೆ ಹಿಂದೆಯೇ ನಿಂತಿದ್ದ.